ಟ್ರೇಲರಿನ ಎಡಗಡೆ ದೀಪ

ವೈರಿನ ಒಂದು ತುದಿಯನ್ನು ಟ್ರ್ಯಾಕ್ಟರಿನ ಮೈಗೆ, ಇನ್ನೊಂದು ತುದಿಯನ್ನು ಟ್ರೇಲರಿನ ಮೈಗೆ ಒತ್ತಿ ಹಿಡಿದೆ. ಟ್ರೇಲರಿನ ಹಿಂದೆ ಬಲಗಡೆಯ ಕೆಂಪು ದೀಪ ಪಕ್ಕನೆ ಹತ್ತಿತು.

"ನೋಡಿದ್ರಾ?" ಎಂದೆ.

ಸಬ್‌ಇನ್‌ಸ್ಪೆಕ್ಟರ್ ಸುನಿಲ್‌ಕುಮಾರ್ ನೋಡಿದರು. ನೋಡಿ, ಕೈಯಲ್ಲಿದ್ದ ಕಾಫಿ ಲೋಟವನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲಿಟ್ಟರು.

"ಬಿಂದುಶ್ರೀ ಮೇಡಂ, ಇದರಲ್ಲಿ ಹೊಸದೇನಿದೆ? ಆ ಡ್ರೈವರ್ ಕಪ್ಪು ವೈರ್ ಕಟ್ ಮಾಡಿದ್ದ, ಲೈಟ್ ಹೋಗಿತ್ತು. ನೀವು ಬೇರೆ ವೈರ್ ಕೊಟ್ರಿ, ಲೈಟ್ ಬಂತು. ನಾನು ಕೇಳೋದು ಒಂದೇ ಪ್ರಶ್ನೆ. ನಿನ್ನೆ ಸಾಯಂಕಾಲ ಲೈಟ್ ಇತ್ತಾ, ಇಲ್ವಾ?"

"ಇತ್ತು ಸಾ!" ಲಾಕಪ್ಪಿನ ಕಿಟಕಿಯಿಂದ ಉತ್ತರ ಬಂತು. "ಉರೀತಿತ್ತು! ಸಾಯೋಗಂಟ ಅದನ್ನೇ ಹೇಳ್ತೀನಿ!"

"ಬಾಯಿ ಮುಚ್ಚೋ!" ಎಂದರು ಸುನಿಲ್‌ಕುಮಾರ್.

ಕಿಟಕಿಯೊಳಗಿದ್ದವನು ಟ್ರ್ಯಾಕ್ಟರ್ ಡ್ರೈವರ್ ಸಿದ್ದು. ಹೆತ್ತೂರು ರಸ್ತೆಯ ತಿರುವಿನಲ್ಲಿ ಅವನು ನಿಲ್ಲಿಸಿದ್ದ ಟ್ರೇಲರಿಗೆ ಬೈಕ್ ಗುದ್ದಿ, ಮಹಾದೇವಯ್ಯನವರ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ನಟರಾಜ್ ಸತ್ತಿದ್ದ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಬಿಡುವುದಿಲ್ಲ ಎಂದಿದ್ದಕ್ಕೆ ಸಿದ್ದು ಹೋದ ವಾರವಷ್ಟೇ ಬಾಳ್ಳುಪೇಟೆಯಲ್ಲಿ ಹತ್ತು ಜನರೆದುರು ನಟರಾಜನ ಕೊರಳಪಟ್ಟಿ ಹಿಡಿದಿದ್ದ. ಆ ಜಗಳ ಒಂದು, ಈ ಕತ್ತರಿಸಿದ ವೈರು ಇನ್ನೊಂದು. ಎರಡನ್ನೂ ಸೇರಿಸಿದರೆ ಪೊಲೀಸರಿಗೆ ಕೊಲೆಯ ಕೇಸು ಸಿದ್ಧ. ಮಧ್ಯಾಹ್ನ ಸಿದ್ದುವನ್ನು ಕೋರ್ಟಿಗೆ ಕರೆದೊಯ್ಯುವವರಿದ್ದರು.

ನಾನು ಪೊಲೀಸಿನವಳಲ್ಲ. ಅಪಘಾತವಾದ ಗಾಡಿಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವ ಸರ್ವೇಯರ್. ಟ್ರೇಲರಿನ ಒಡತಿ ಗಂಗಾಮಣಿಯಮ್ಮ ನಿನ್ನೆಯೇ ಫೋನು ಮಾಡಿ, "ನಮ್ ಹುಡುಗನ್ನ ಕೊಲೆಗಾರ ಅಂತಾವ್ರೆ, ನೀ ಬಂದು ಗಾಡಿ ನೋಡವ್ವ" ಎಂದಿದ್ದರು. ಅದಕ್ಕೇ ಬೆಳಿಗ್ಗೆ ಎದ್ದವಳೇ ಹಾಸನದಿಂದ ಸಕಲೇಶಪುರಕ್ಕೆ ಬಂದಿದ್ದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಂಪನಿಯ ಮ್ಯಾನೇಜರ್.

"ಏನ್ರೀ, ಇನ್ನೂ ಅಲ್ಲೇ ಇದೀರಾ? ಲೈಟ್ ಇರಲಿಲ್ಲ ಅಂತ ಒಂದು ಸಾಲು ಬರೆದು ಬನ್ನಿ. ಕ್ಲೇಮು ಅಲ್ಲಿಗೆ ಮುಗೀತು."

"ಇನ್ನೂ ನೋಡ್ತಿದೀನಿ ಸರ್."

"ನೋಡೋಕೆ ಏನಿದೆ?"

"ಅದನ್ನೇ ನೋಡ್ತಿದೀನಿ."

ಫೋನು ಆಫ್ ಮಾಡಿ ಒಳಗಿಟ್ಟೆ. ನನಗೆ ಏನು ಕಾಣಬೇಕು ಎಂದು ಮೊದಲೇ ಹೇಳಿಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಕೆಲಸದಲ್ಲಿ ಅಂಥವರೇ ಜಾಸ್ತಿ.

ಗಂಗಾಮಣಿಯಮ್ಮ ಠಾಣೆಯ ಹಿಂದಿನ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಎರಡೆಕರೆ ಕಾಫಿ, ಒಂದು ಟ್ರ್ಯಾಕ್ಟರ್, ಊರಿಗೆಲ್ಲ ಕೇಳುವ ಗಂಟಲು, ಇಷ್ಟು ಅವರ ಆಸ್ತಿ. ಬೆಳಗಿನಿಂದ ಮಾತ್ರ ಆ ಗಂಟಲು ಯಾಕೋ ಸುಮ್ಮನಿತ್ತು. ಸಿದ್ದುವಿನ ಚಿಂತೆಯಿರಬೇಕು ಎಂದುಕೊಂಡು ನಾನು ಕೇಳಲು ಹೋಗಲಿಲ್ಲ.

ಅಂಗಳದ ಗೋಡೆಗೆ ನಟರಾಜನ ಬೈಕನ್ನು ಒರಗಿಸಿದ್ದರು. ಅದರ ಮೂತಿ ನಜ್ಜುಗುಜ್ಜಾಗಿತ್ತು. ಅದರ ವಿಮೆ ನಮ್ಮ ಕಂಪನಿಯದಲ್ಲವಾದ್ದರಿಂದ ನಾನು ಅದರ ಹತ್ತಿರ ಸುಳಿದಿರಲಿಲ್ಲ.

ಅಷ್ಟರಲ್ಲಿ ಗೇಟಿನೊಳಗೆ ಬಿಳಿ ಕಾರೊಂದು ಬಂತು. ಮಹಾದೇವಯ್ಯ ಇಳಿದರು. ಇಸ್ತ್ರಿ ಮುರಿಯದ ಅಂಗಿ, ಬೂಟು, ಕೈಯಲ್ಲಿ ಬೆತ್ತ. ಕಾರು ಓಡಿಸುತ್ತಿದ್ದವಳು ಅವರ ಮಗಳು ಗಗನಾ. ಅವಳು ಇಳಿಯಲಿಲ್ಲ. ಗಾಜು ಅರ್ಧ ಇಳಿಸಿ ಕೂತಳು.

"ಜೀಪ್ ಎಲ್ಲಿ ಸಾವ್ಕಾರ್ರೆ?" ಗಂಗಾಮಣಿಯಮ್ಮ ಕಟ್ಟೆಯ ಮೇಲಿಂದಲೇ ಕೇಳಿದರು. "ನೀವು ಕಾರಲ್ಲಿ ಬಂದಿದ್ದು ನಾ ಕಂಡೇ ಇಲ್ಲ."

"ಬಾಳ್ಳುಪೇಟೆ ಗ್ಯಾರೇಜಿಗೆ ಬಿಟ್ಟಿದೀನಿ. ಸರ್ವೀಸು," ಎಂದರು ಮಹಾದೇವಯ್ಯ. ಕೂರಿ ಎಂದು ಯಾರೂ ಹೇಳುವ ಮೊದಲೇ ಕುರ್ಚಿ ಎಳೆದು ಕೂತರು. ಆ ಕುರ್ಚಿ ಸುನಿಲ್‌ಕುಮಾರರದು. ಅವರು ನಿಂತೇ ಇದ್ದರು.

"ಇನ್ನೂ ಏನು ತಡ? ನಾನು ಹೇಳಿಕೆ ಕೊಟ್ಟಾಗಿದೆ."

"ನನಗೂ ಒಂದು ಸಲ ಹೇಳಿ ಸರ್," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗ್ರೀಸು ಹತ್ತಿದ ಕೈ, ಧೂಳು ಹಿಡಿದ ಪ್ಯಾಂಟು. "ಹೇಳೋದೇನಮ್ಮ? ನಿನ್ನೆ ಮುಸ್ಸಂಜೆ ಈ ಹುಡುಗ ನಮ್ಮ ಗೇಟಿಗೆ ಓಡಿ ಬಂದ. ನಟರಾಜಣ್ಣ ಸತ್ತೋಗವ್ನೆ ಅಂದ. ನನಗೆ ತಕ್ಷಣ ಗೊತ್ತಾಯ್ತು. ಹಿಡ್ದು ಕಾಫಿ ಮೂಟೆ ಇಡೋ ಸ್ಟೋರಿನೊಳಗೆ ಕೂಡಿ ಚಿಲಕ ಹಾಕಿಸ್ದೆ. ಪೊಲೀಸ್ ಬರೋವರೆಗೂ ಅವನ ಕಾಲು ಹೊಸ್ತಿಲು ದಾಟಿಲ್ಲ. ತಪ್ಪಿಸ್ಕೊಂಡು ಓಡೋಕೆ ನಾನು ಬಿಡ್ಲಿಲ್ಲ. ಆಮೇಲೆ ಜಾಗಕ್ಕೆ ಹೋಗಿ ನೋಡಿದ್ರೆ ಟ್ರೇಲರಿಗೆ ಲೈಟೇ ಇಲ್ಲ. ನಟರಾಜ್ ಬಿದ್ದಿದ್ದ, ಬೈಕ್ ಬಿದ್ದಿತ್ತು. ಸಾಕಾ?"

"ಸಾಕು. ಈಗ ನಾನು ತೋರಿಸ್ತೀನಿ, ನೀವು ನೋಡಿ."

ಟ್ರೇಲರಿನ ಹಿಂದೆ ಹೋಗಿ ಎಡಗಡೆಯ ದೀಪದ ಮುಂದೆ ಮಂಡಿಯೂರಿದೆ. ಕೆಂಪು ಪ್ಲಾಸ್ಟಿಕ್ಕು ಒಡೆದು ಚೂರಾಗಿತ್ತು. ಒಳಗಿನ ಬಲ್ಬಿನ ಗಾಜು ಅರ್ಧ ಹೋಗಿತ್ತು. ಮೆಲ್ಲಗೆ ಒತ್ತಿ ತಿರುಗಿಸಿ ಬಲ್ಬನ್ನು ಬಿಡಿಸಿಕೊಂಡೆ. ಎಲ್ಲರೂ ಎಲ್ಇಡಿ ಹಾಕಿಸುವ ಕಾಲದಲ್ಲಿ ಗಂಗಾಮಣಿಯಮ್ಮ ಹಳೆಯ ತಂತಿ ಬಲ್ಬನ್ನೇ ಉಳಿಸಿಕೊಂಡಿದ್ದರು. ಆ ಜಿಪುಣತನಕ್ಕೆ ಕೈಮುಗಿಯಬೇಕು. ಎಲ್ಇಡಿ ಇದ್ದಿದ್ದರೆ ನಾನೂ ಬಾಯಿ ಮುಚ್ಚಿಕೊಂಡು ಹಾಸನಕ್ಕೆ ಹೋಗಬೇಕಿತ್ತು.

"ಸಾರ್, ಬೆಳಕಿಗೆ ಹಿಡಿದು ನೋಡಿ. ಒಳಗೆ ಎರಡು ತಂತಿ ಇದಾವೆ. ಒಂದು ಬ್ರೇಕ್ ಒತ್ತಿದಾಗ ಉರಿಯೋದು, ಇನ್ನೊಂದು ಸುಮ್ನೆ ನಿಂತಾಗಲೂ ಉರಿಯೋದು. ಬ್ರೇಕಿನ ತಂತಿ ಹೇಗಿದೆ?"

ಸುನಿಲ್‌ಕುಮಾರ್ ಕಣ್ಣು ಕಿರಿದು ಮಾಡಿದರು. "ನೆಟ್ಟಗಿದೆ. ಹೊಳೀತಿದೆ."

"ಇನ್ನೊಂದು?"

"ಜೋತುಬಿದ್ದಿದೆ. ಎಳೆದಂಗೆ. ಬಿಳೀ ಪುಡಿ ಥರ ಏನೋ ಹತ್ತಿದೆ."

"ತಣ್ಣಗಿರೋ ತಂತಿಗೆ ಏಟು ಬಿದ್ರೆ ಹಾಗೇ ಇರುತ್ತೆ, ಇಲ್ಲಾ ಪಟ್ ಅಂತ ಮುರಿಯುತ್ತೆ. ಉರಿಯೋ ತಂತಿ ಮೆತ್ತಗಿರುತ್ತೆ, ಏಟು ಬಿದ್ರೆ ಎಳೆದುಕೊಳ್ಳುತ್ತೆ. ಗಾಜು ಒಡೆದು ಗಾಳಿ ತಾಗಿದ ಕೂಡಲೇ ಸುಟ್ಟು ಆ ಬಿಳೀ ಪುಡಿ ಆಗುತ್ತೆ. ಏಟು ಬಿದ್ದಾಗ ಈ ದೀಪ ಉರೀತಾ ಇತ್ತು ಸಾರ್. ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಲೈಟ್ ಇತ್ತು."

ಕಿಟಕಿಯಿಂದ ಸಿದ್ದು, "ನಾ ಹೇಳ್ಲಿಲ್ವಾ!" ಎಂದು ಕೂಗಿದ. ಈ ಸಲ ಬಾಯಿ ಮುಚ್ಚು ಎಂದು ಯಾರೂ ಹೇಳಲಿಲ್ಲ.

"ಅಕ್ಕಾ," ಕಾರಿನೊಳಗಿಂದ ಗಗನಾಳ ದನಿ ಬಂತು. ಮೆಲು ದನಿ. "ಬಲ್ಬ್ ನೋಡಿದ್ರೆ ಅಷ್ಟೆಲ್ಲ ಗೊತ್ತಾಗುತ್ತಾ?"

"ಆಗುತ್ತೆ."

"ಯಾವುದು ಗುದ್ದಿದ್ದು ಅನ್ನೋದೂ?"

"ಬರೀ ಬಲ್ಬಿನಿಂದ ಅದು ಆಗಲ್ಲ."

ಅವಳು ಗಾಜು ಏರಿಸಿಕೊಂಡಳು. ಸತ್ತವನು ಅವರ ಮನೆಯ ರೈಟರ್, ಹುಡುಗಿ ಹೆದರಿದ್ದಾಳೆ ಎಂದುಕೊಂಡೆ. ನನ್ನ ಗಮನವೆಲ್ಲ ಅವಳ ಅಪ್ಪನ ಮೇಲಿತ್ತು.

"ಹಾಗಾದ್ರೆ ವೈರ್ ಕಟ್ ಆಗಿದ್ದು?" ಸುನಿಲ್‌ಕುಮಾರ್ ಕೇಳಿದರು. ಅವರ ದನಿಯಲ್ಲಿದ್ದ ಆಕಳಿಕೆ ಹೋಗಿತ್ತು.

"ಗುದ್ದಿದ ಮೇಲೆ. ನಟರಾಜ್ ಬಿದ್ದ ಮೇಲೆ ಯಾರೋ ಬಂದು ಕತ್ತರಿಸಿದಾರೆ. ಸಿದ್ದು ಬೇಕಂತಲೇ ದೀಪ ಆರಿಸಿದ್ದ ಅಂತ ನೀವು ನಂಬಬೇಕು. ನಂಬಿದ್ರಿ."

"ಯಾರು ಬೇಕಾದ್ರೂ ಕತ್ತರಿಸಿರಬಹುದು," ಎಂದರು ಮಹಾದೇವಯ್ಯ. "ದಾರೀಲಿ ಹೋಗೋ ಪುಂಡರು."

"ಇಲ್ಲ ಸರ್. ಬನ್ನಿ."

ಅಂಗಳದ ಮೂಲೆಯಲ್ಲಿ, ಮರಳು ಸಾಗಿಸುವಾಗ ಹಿಡಿದು ತಂದ ಬೇರೊಂದು ಟ್ರ್ಯಾಕ್ಟರ್ ಟ್ರೇಲರ್ ಸಮೇತ ನಿಂತಿತ್ತು. ಹೈವೇ ಕಡೆಯ ಗಾಡಿ. ಸುನಿಲ್‌ಕುಮಾರರಿಂದ ಕೀಲಿ ಇಸಿದುಕೊಂಡು ದೀಪ ಹಾಕಿದೆ. ಹಿಂದೆ ಎರಡೂ ಕೆಂಪು ದೀಪ ಹತ್ತಿದವು. ಆಮೇಲೆ ಪ್ಲಗ್ಗು ಬಿಚ್ಚಿ, ಒಳಗಿನ ಕಪ್ಪು ವೈರೊಂದನ್ನೇ ಕಳಚಿ, ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ.

ದೀಪ ಹಾಗೇ ಉರಿಯುತ್ತಿತ್ತು.

"ಇದೇನ್ರೀ ಇದು!" ಎಂದರು ಸುನಿಲ್‌ಕುಮಾರ್.

"ಕರೆಂಟ್ ದೀಪಕ್ಕೆ ಹೋದರೆ ಸಾಲದು ಸಾರ್, ವಾಪಸ್ ಬರೋಕೂ ದಾರಿ ಬೇಕು. ಕಪ್ಪು ವೈರು ಆ ವಾಪಸ್ ದಾರಿ. ಅದಿಲ್ಲದಿದ್ರೂ ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸೋ ಈ ಕಬ್ಬಿಣದ ಪಿನ್ನಿನ ಮೇಲೇ ಕರೆಂಟ್ ವಾಪಸ್ ಬಂದುಬಿಡುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದೆ ನೋಡಿ. ಈಗ ಗಂಗಾಮಣಿಯಮ್ಮನ ಗಾಡಿ ನೋಡಿ."

ಅವರ ಟ್ರೇಲರಿನ ಪಿನ್ನಿಗೆ ಲಾರಿಯ ಹಳೇ ಟ್ಯೂಬು ಕೊಯ್ದು ಸುತ್ತಿದ್ದರು. ಮೇಲೊಂದು ಕೆಳಗೊಂದು ಟೈರಿನ ಬಿಲ್ಲೆ. ಖಾಲಿ ಟ್ರೇಲರು ಗುಂಡಿಯಲ್ಲಿ ಹಾರಿದಾಗ ಪಿನ್ನು ಬಡಿದು ಎದ್ದೇಳುವ ಸದ್ದು ಗುಡ್ಡದಾಚೆಗೂ ಕೇಳುತ್ತದೆ. ಆನೆ ತಿರುಗುವ ದಾರಿಯಲ್ಲಿ ಆ ಸದ್ದು ಯಾರಿಗೆ ಬೇಕು? ಅದಕ್ಕೇ ಹೆತ್ತೂರಿನಾಚೆ ತೋಟಗಳಲ್ಲಿ ಪಿನ್ನಿಗೆ ರಬ್ಬರು ಸುತ್ತದೆ ಗಾಡಿ ಹೊರಡುವುದಿಲ್ಲ. ಆನೆಗೆ ಸದ್ದು ಕೇಳುವುದು ತಪ್ಪುತ್ತದೆ. ಅದರ ಜೊತೆಗೆ ಕರೆಂಟಿನ ದಾರಿಯೂ ಕಟ್ಟಾಗುತ್ತದೆ.

"ಈ ಗಾಡಿಯಲ್ಲಿ ಮಾತ್ರ ಆ ಒಂದು ಕಪ್ಪು ವೈರಿನ ಮೇಲೆ ಎಲ್ಲ ದೀಪಾನೂ ನಿಂತಿದೆ," ಎಂದೆ. "ದಾರಿಹೋಕ ಪುಂಡ ಆಗಿದ್ರೆ ಪ್ಲಗ್ಗೇ ಕಿತ್ತು ಬಿಸಾಡ್ತಿದ್ದ. ಇಷ್ಟು ವೈರಿನಲ್ಲಿ ಸರಿಯಾಗಿ ಅದೊಂದನ್ನೇ ಕತ್ತರಿಸಬೇಕಾದ್ರೆ ಅವನು ಪಿನ್ನಿಗೆ ರಬ್ಬರ್ ಸುತ್ತೋ ಮನೆಯವನೇ ಆಗಿರಬೇಕು. ನಿಮ್ಮ ಟ್ರೇಲರಿಗೂ ರಬ್ಬರ್ ಸುತ್ತಿದಾರಲ್ವಾ ಸರ್?"

ಮಹಾದೇವಯ್ಯ ಬೆತ್ತವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಕತ್ತರಿಸಿದ ತುದಿ ನೋಡಿ. ಓರೆಯಾಗಿದೆ, ಒಂದು ಕಡೆ ಜಜ್ಜಿದೆ. ಕಟಿಂಗ್ ಪ್ಲೇಯರಿನದಲ್ಲ. ಕಾಫಿ ಗಿಡದ ಚಿಗುರು ತೆಗೆಯೋ ಕತ್ತರಿಯದು. ಸಿದ್ದುನ ಬಿಟ್ರೆ ಆ ಜಾಗಕ್ಕೆ ಮೊದಲು ಹೋದವರು ನೀವು. ನೀವೇ ಹೇಳಿದ್ರಿ."

ಬೆತ್ತ ನೆಲಕ್ಕೆ ಕುಟ್ಟಿತು. ಮಹಾದೇವಯ್ಯ ಎದ್ದು ನಿಂತಿದ್ದರು.

"ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ನಮ್ಮ ತೋಟದ ಎಲ್ಲಾ ವಿಮೆ ನಿಮ್ಮ ಕಂಪನೀಲೇ ಇರೋದು. ಒಂದು ಫೋನು ಸಾಕು. ನಾಳೆಯಿಂದ ನಿನಗೆ ಒಂದು ಗಾಡೀನೂ ನೋಡೋಕೆ ಸಿಗಲ್ಲ."

"ಮಾಡಿ ಸರ್. ನಂಬರ್ ಬೇಕಾದ್ರೆ ನಾನೇ ಕೊಡ್ತೀನಿ." ನನ್ನ ಗಂಟಲು ಏರಿತ್ತು. ಏರಲಿ ಎಂದು ಬಿಟ್ಟೆ. "ನಾಳೆ ಗಾಡಿ ಸಿಗದಿದ್ರೆ ಬೇಡ. ಇವತ್ತು ಈ ಗಾಡಿ ನನ್ನ ಕೈಲಿದೆ. ದೀಪ ಉರೀತಿತ್ತು ಅಂತ ಬರೀತೀನಿ. ಆಮೇಲೆ ಯಾರೋ ಆರಿಸಿದ್ರು ಅಂತಾನೂ ಬರೀತೀನಿ. ನಿಮ್ಮ ಬೆತ್ತಕ್ಕೆ ಹೆದರಿ ಆ ಹುಡುಗನ್ನ ಜೈಲಿಗೆ ಕಳಿಸೋಕೆ ನನ್ನಿಂದ ಆಗಲ್ಲ."

"ನಾನು ಆ ವೈರ್ ಮುಟ್ಟಿಲ್ಲ!"

"ಹಾಗಾದ್ರೆ ಯಾರು ಮುಟ್ಟಿದ್ದು?"

"ನಾನು."

ಅದು ಮಹಾದೇವಯ್ಯನವರ ದನಿಯಲ್ಲ. ಕಟ್ಟೆಯ ಕಡೆಯಿಂದ ಬಂದದ್ದು.

ಗಂಗಾಮಣಿಯಮ್ಮ ಸೆರಗಿನಡಿ ಸೊಂಟಕ್ಕೆ ಸಿಕ್ಕಿಸಿದ್ದ ಕತ್ತರಿ ತೆಗೆದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಕಾಫಿ ಲೋಟದ ಪಕ್ಕ ಇಟ್ಟರು. ಕೊಕ್ಕಿನಂತೆ ಬಾಗಿದ ಬಾಯಿ, ಕೆಂಪು ಹಿಡಿ. ಚಿಗುರು ತೆಗೆಯುವ ಕತ್ತರಿ.

"ಸಾವ್ಕಾರ್ರು ಸುಳ್ಳು ಹೇಳ್ತಿಲ್ಲ. ಅವ್ರು ಬರೋ ಹೊತ್ಗೆ ಲೈಟ್ ಇರ್ಲಿಲ್ಲ. ಆರ್ಸಿದ್ದು ನಾನು ಕಣವ್ವ. ಬರ್ಕೊಳ್ಳಿ ಸಾಹೇಬ್ರೆ."

ನನ್ನನ್ನು ಕರೆಸಿದವರೇ ಇವರು. ಸಾವ್ಕಾರರ ಮೇಲಿನ ಸಿಟ್ಟಿನಲ್ಲಿ, ಪಿನ್ನಿಗೆ ರಬ್ಬರು ಸುತ್ತಿದ್ದು ಇವರ ಮನೆಯಲ್ಲೇ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

"ಯಾಕಮ್ಮಾ? ನಿಮ್ಮ ಹುಡುಗನ ತಲೆಗೇ ಬರೋ ಹಾಗೆ ಯಾಕೆ?"

"ಅವ್ನ ತಲೆ ಉಳ್ಸಕ್ಕೆ." ಗಂಗಾಮಣಿಯಮ್ಮನ ಗಂಟಲು ಈಗ ತನ್ನ ಹಳೆಯ ಎತ್ತರಕ್ಕೆ ಬಂತು. "ಇವ್ನು ಅಯ್ಯಯ್ಯೋ ಅಂತ ಕಿರುಚಿದ್ದು ಕೇಳಿ ತೋಟದಿಂದ ಓಡ್ಬಂದೆ. ನೋಡಿದ್ರೆ ನಟರಾಜ ಟ್ರೇಲರ್ ಹಿಂದೆ ಬಿದ್ದವ್ನೆ. ಉಸ್ರಿಲ್ಲ. ಇವ್ನು ಗುಡ್ಡ ಹತ್ತಿ ಓಡ್ತಾವ್ನೆ. ಹೋದ ವಾರ ಕೊರಳಪಟ್ಟಿ ಹಿಡ್ದಿದ್ನಲ್ಲ, ಇವತ್ತು ಮುಗ್ಸೇ ಬುಟ್ಟ ಅನ್ಕೊಂಡೆ. ಮುನಿಯಬೇಡ ಕಣೋ ಸಿದ್ದು, ಹಂಗೇ ಅನ್ಕೊಂಡೆ. ಲೈಟ್ ಕೆಟ್ಟೋಗಿತ್ತು, ಯಾವ್ದೋ ಗಾಡಿ ಬಂದು ಗುದ್ಬುಡ್ತು ಅಂತ ಆಗ್ಲಿ, ಕೊಲೆ ಅನ್ನೋದ್ಕಿಂತ ಆಕ್ಸಿಡೆಂಟ್ ವಾಸಿ ಅಂತ ಕತ್ತರಿಸ್ಬುಟ್ಟೆ. ಅದೇ ಇವ್ನ ಕುತ್ಗೆಗೆ ಬರುತ್ತೆ ಅಂತ ನಂಗೇನ್ ಗೊತ್ತು?"

ಕಿಟಕಿಯ ಸರಳು ಹಿಡಿದಿದ್ದ ಸಿದ್ದುವಿನ ಕೈಗಳು ಕಂಡವು.

"ನಿನ್ನೆಯಿಂದ ಹೇಳೋಕೇನಾಗಿತ್ತು?" ಸುನಿಲ್‌ಕುಮಾರ್ ಗದರಿದರು.

"ಹೇಳಿದ್ರೆ ಇವ್ನೇ ಸಾಯ್ಸಿದ್ದು ಅಂತ ಗಟ್ಟಿ ಆಗ್ತಿತ್ತಲ್ಲ ಸಾಹೇಬ್ರೆ! ಇವ್ನು ಬೈಕ್ ಬೇರೆ ತಂದು ಹಾಕವ್ನೆ ಅನ್ಕೊಂಡಿದ್ದೆ. ಈ ಬಲ್ಬಿನ ಮಾತು ಕೇಳಿದ ಮೇಲೇ ಯಾವ್ದೋ ಗಾಡೀನೇ ಗುದ್ದೈತೆ ಅಂತ ನಂಬ್ಕೆ ಬಂತು."

ನಾನು ಅವರ ಕಡೆ ತಿರುಗಿದೆ. "ಏನಂದ್ರಿ?"

"ಬೈಕ್ ಕಣವ್ವ. ನಾ ವೈರ್ ಕತ್ತರ್ಸೋವಾಗ ಅಲ್ಲಿ ಬೈಕ್ ಇರ್ಲೇ ಇಲ್ಲ. ಎಡಗಡೆ ಲೈಟ್ ಆಗ್ಲೇ ಪುಡಿ ಆಗಿತ್ತು, ಬಲಗಡೇದು ಉರೀತಿತ್ತು, ನಟರಾಜ ಬಿದ್ದಿದ್ದ. ಅಷ್ಟೇ. ಮನೆಗೆ ಹೋಗಿ, ಆಮೇಲೆ ಜನರ ಜೊತೆ ವಾಪಸ್ ಬಂದಾಗ ಬೈಕ್ ಬಿದ್ದಿತ್ತು."

ಸೇತುವೆಯ ಕಡೆಯಿಂದ ರೈಲು ಕೂಗಿತು.

ಗೋಡೆಗೊರಗಿದ್ದ ಬೈಕಿನ ಹತ್ತಿರ ಈಗ ಹೋದೆ. ಟ್ರೇಲರಿನ ಎಡಗಡೆ ದೀಪದ ಕೆಂಪು ಪ್ಲಾಸ್ಟಿಕ್ಕು ನುಚ್ಚುನೂರಾಗಿತ್ತು. ಬೈಕಿನ ಮೂತಿಯ ಸಂದಿಯಲ್ಲಿ ಒಂದು ಕೆಂಪು ಚೂರೂ ಇರಲಿಲ್ಲ. ಕೆಮ್ಮಣ್ಣು ಮಾತ್ರ ಇತ್ತು. ಯಾರೋ ರಸ್ತೆಬದಿಯ ಮಣ್ಣಿನ ಧರೆಗೆ ಗುದ್ದಿಸಿ ಜಜ್ಜಿದ ಬೈಕು.

"ಸಿದ್ದುನೇ ತಂದು ಹಾಕಿರಬೇಕು," ಎಂದರು ಸುನಿಲ್‌ಕುಮಾರ್. ಅವರಿಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ.

"ಹೇಗೆ ತರ್ತಾನೆ ಸಾರ್? ಪೊಲೀಸ್ ಬರೋವರೆಗೂ ಅವನ ಕಾಲು ಸ್ಟೋರಿನ ಹೊಸ್ತಿಲು ದಾಟಿಲ್ಲ. ಸಾವ್ಕಾರ್ರೇ ಹೇಳಿಕೆ ಕೊಟ್ಟಿದಾರಲ್ಲ."

ಮಹಾದೇವಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡರು. ತಾನೇ ಹಾಕಿದ ಚಿಲಕ ಸಿದ್ದುವನ್ನು ಕಾಪಾಡುತ್ತಿದೆ ಎನ್ನುವುದು ಅವರಿಗೂ ಈಗ ಹೊಳೆದಿತ್ತು.

"ಅವನನ್ನ ಕರ್ಕೊಂಡು ಬಾ," ಸುನಿಲ್‌ಕುಮಾರ್ ಕಾನ್‌ಸ್ಟೇಬಲ್‌ಗೆ ಹೇಳಿದರು.

ಸಿದ್ದು ಬಂದ. ಕಣ್ಣು ಕೆಂಪಾಗಿದ್ದವು, ತಲೆ ಮಾತ್ರ ನೆಟ್ಟಗಿತ್ತು. ಗಂಗಾಮಣಿಯಮ್ಮನ ಮುಂದೆ ಒಂದು ಕ್ಷಣ ನಿಂತ. "ಇಷ್ಟೇನಾ ಅಕ್ಕ ನೀ ನನ್ನ ಕಂಡಿದ್ದು?" ಎಂದ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಸಿದ್ದು, ನಿನ್ನೆ ಏನಾಯ್ತು? ಮೊದಲಿಂದ ಹೇಳು," ಎಂದೆ.

"ಮುಂದ್ಗಡೆ ಆನೆ ದಾಟ್ತಿದ್ವು ಅಕ್ಕ. ಲೈಟ್ ಹಂಗೇ ಬುಟ್ಟು, ಇಂಜಿನ್ ಆಫ್ ಮಾಡಿ, ತಿರುವಿನಾಚೆ ಹೋಗಿ ಬಗ್ಗಿ ನೋಡ್ತಿದ್ದೆ. ಹಿಂದೆ ಧಡ್ ಅಂತು. ಒಂಟಿ ಸಲಗ ಟ್ರೇಲರಿಗೆ ಗುದ್ದೈತೆ ಅನ್ಕೊಂಡು ಉಸ್ರು ಬಿಗಿಹಿಡ್ದು ಕೂತೆ. ಎಲ್ಲಾ ದಾಟಿದ ಮೇಲೆ ಬಂದು ನೋಡಿದ್ರೆ ನಟರಾಜಣ್ಣ. ಜಗಳ ಆಡಿದ್ದು ದಿಟ. ಆದ್ರೆ ಆ ಮಕ ನೋಡಿ ನಂಗೆ ಅಳುನೇ ಬಂದ್ಬುಡ್ತು."

"ಅಲ್ಲಿ ಅವನ ಬೈಕ್ ನೋಡಿದ್ಯಾ?"

"ಅಲ್ಲಿಲ್ಲ."

"ಮತ್ತೆ?"

"ಸ್ಟೋರಿನಾಗೆ. ನನ್ನ ಕೂಡಾಕಿದ್ರಲ್ಲ, ಅದೇ ಸ್ಟೋರಿನಾಗೆ ಕಾಫಿ ಮೂಟೆ ಪಕ್ಕ ನಿಂತಿತ್ತು ಅವ್ನ ಬೈಕು. ಒಂದು ಗೀಚೂ ಆಗಿರ್ಲಿಲ್ಲ."

ಸುನಿಲ್‌ಕುಮಾರ್ ಅವನ ಭುಜ ಹಿಡಿದು ಅಲ್ಲಾಡಿಸಿದರು. "ನಿನ್ನೆಯಿಂದ ಯಾಕೆ ಬೊಗಳಲಿಲ್ಲ?"

"ಹೇಳಕ್ಕೆ ಬಂದೆ ಸಾ." ಸಿದ್ದು ಅವರ ಕೈಯನ್ನು ಮೆಲ್ಲಗೆ ಸರಿಸಿದ. "ಅದೆಲ್ಲ ಬೇಡ, ಲೈಟ್ ಇತ್ತಾ ಇಲ್ವಾ ಅಷ್ಟು ಬೊಗಳು ಅಂದ್ರಿ. ಲೈಟ್ ಇತ್ತು ಅಂದೆ. ಕಪಾಳಕ್ಕೆ ಬಿಟ್ರಿ. ಸಾವ್ಕಾರ್ರು ನಿಮ್ ಕುರ್ಚಿ ಮೇಲೆ ಕೂತಿರ್ತಿದ್ರು. ಇಲ್ಲಿ ಹೇಳಿದ್ರೆ ಈ ಅಂಗಳ ದಾಟಲ್ಲ, ಕೋರ್ಟಿನಾಗೆ ಜಡ್ಜ್ ಮುಂದೇನೇ ಹೇಳ್ತೀನಿ ಅಂತ ಹಲ್ಲು ಕಚ್ಕೊಂಡಿದ್ದೆ."

ಸುನಿಲ್‌ಕುಮಾರ್ ನೆಲ ನೋಡಿದರು. ನೋಡಲೇಬೇಕಿತ್ತು.

"ಬೈಕನ್ನ ಅಲ್ಲಿಂದ ಯಾರು ತೆಗೆದದ್ದು ಸಿದ್ದು? ಸಾವ್ಕಾರ್ರಾ?" ಎಂದೆ.

"ಅಲ್ಲ ಅಕ್ಕ. ಸಾವ್ಕಾರ್ರು ಆಗ್ಲೇ ಅತ್ಲಾಗೆ ಹೋಗಿದ್ರು. ಚಿಲ್ಕ ತಗ್ದು ಬಂದಿದ್ದು ಬೇರೆಯೋರು. ಬೈಕ್ ತಳ್ಕೊಂಡು, ಬಾಗ್ಲಾಗೆ ನಿಂತು, 'ಸಿದ್ದಣ್ಣ, ನೀನು ಏನೂ ನೋಡಿಲ್ಲ' ಅಂದ್ರು. ಮತ್ತೆ ಚಿಲ್ಕ ಹಾಕ್ಬುಟ್ರು."

"ಯಾರು?"

"ಹೇಳಬೇಡ್ವೋ," ಎಂದರು ಮಹಾದೇವಯ್ಯ. ಅವರ ದನಿಯಲ್ಲಿ ಗದರಿಕೆ ಉಳಿದಿರಲಿಲ್ಲ. ಆ ಮನುಷ್ಯ ಬೇಡುತ್ತಿದ್ದರು.

ಸಿದ್ದು ಅವರನ್ನು ನೋಡಿದ. ಆಮೇಲೆ ಅವರ ಹೆಗಲಿನಾಚೆ, ಗೇಟಿನ ಪಕ್ಕ ನಿಂತಿದ್ದ ಬಿಳಿ ಕಾರಿನ ಕಡೆ ಕೈ ಎತ್ತಿದ.

ಗ್ಯಾರೇಜು ಸೇರಿದ್ದ ಜೀಪು ನನಗೆ ಆಗ ನೆನಪಾಯಿತು: ನಟರಾಜನಿಗೂ ಟ್ರೇಲರಿನ ದೀಪಕ್ಕೂ ಗುದ್ದಿದ್ದು ಅದೇ, ಓಡಿಸುತ್ತಿದ್ದವಳು ಇವಳೇ. ಕಾರಿನ ಇಂಜಿನ್ ಆಗಲೇ ಚಾಲೂ ಆಗಿತ್ತು.

"ಗಗನಾ!" ಮಹಾದೇವಯ್ಯ ಬೆತ್ತ ಬಿಸಾಡಿ ಓಡಿದರು. "ಗಗನಾ, ನಿಲ್ಲು ಮಗಳೇ!"

ಕಾರು ಗೇಟಿನಿಂದ ಹೊರಗೆ ನುಗ್ಗಿತು. ಗೇಟಿನಾಚೆ ಲಾರಿಯೊಂದು ಅಡ್ಡ ಬರುತ್ತಿತ್ತು. ಕಾರಿನ ಹಿಂದಿನ ಎರಡು ದೀಪಗಳನ್ನೇ ನೋಡುತ್ತ ನಿಂತೆ. ಬ್ರೇಕ್ ಒತ್ತಿದರೆ ಅವು ಹತ್ತಬೇಕು.

ಅವು ಹತ್ತಲಿಲ್ಲ.